ಸಾಕ್ಷಿಯಿಲ್ಲದ ಪದಕ್ಕೆ ಜಾಮೀನಿಲ್ಲ

ಹಳೇ ಇಂಗ್ಲಿಷ್ ನಿಘಂಟಿನ ಕಟಕಟೆಗೆ ಪದವೊಂದು ಒಂಟಿಯಾಗಿ ಬಂದರೆ ಕೇಸು ನಿಲ್ಲುತ್ತಿರಲಿಲ್ಲ. ಜೊತೆಗೊಬ್ಬ ಕವಿ ಬಂದು, ‘ಹೌದು ಸ್ವಾಮಿ, ಇದನ್ನು ಇಂಥ ಸಾಲಿನಲ್ಲಿ ಬಳಸಿದ್ದು ನಾನೇ’ ಎಂದು ಸಾಕ್ಷಿ ನುಡಿಯಬೇಕಿತ್ತು. 1755ರ ನಿಘಂಟಿಗೆ ಸ್ಯಾಮ್ಯುಯೆಲ್ ಜಾನ್ಸನ್ ಸಂಗ್ರಹಿಸಿದ ಇಂಥ ಹೇಳಿಕೆಗಳು ಲಕ್ಷ ದಾಟಿದವು. ಸಾಕ್ಷಿಗಳಲ್ಲಿ ಬಹುಪಾಲು ಸತ್ತವರು. ಪಾಟೀಸವಾಲಿಗೆ ಸಿಗುವ ಭಯವಿಲ್ಲ. ಹೇಳಿಕೆ ಉದ್ದವಾದರೆ ಜಾನ್ಸನ್ ಕತ್ತರಿ ಆಡಿಸಿದ. ಬದುಕಿರುವವರನ್ನು ಕರೆಯುವುದಿಲ್ಲವೆಂದು ತೀರ್ಮಾನಿಸಿ, ಸ್ನೇಹಿತರನ್ನು ಮಾತ್ರ ಹಿಂಬಾಗಿಲಿನಿಂದ ಬಿಟ್ಟುಕೊಂಡ. ತತ್ತ್ವಜ್ಞಾನಿ ಹಾಬ್ಸ್‌ನ ವಿಚಾರ ಹಿಡಿಸಲಿಲ್ಲವೆಂದು ಅವನನ್ನು ಹೊಸ್ತಿಲಲ್ಲೇ ತಡೆದ. ನಮ್ಮ ಪ್ರಶಸ್ತಿ ಸಮಿತಿಗಳು ಇದನ್ನೆಲ್ಲ ತಾವೇ ಕಂಡುಹಿಡಿದದ್ದು ಎಂದುಕೊಂಡಿವೆ, ಪಾಪ.

ನಾವೇನೂ ಹಿಂದೆ ಬಿದ್ದವರಲ್ಲ. 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜನಿಗೂ ಹಿಂದಿನ ಕವಿಗಳ ಮಾತೇ ಪ್ರಮಾಣ. ತಂದೆ ಮಲ್ಲಿಕಾರ್ಜುನ, ಅಜ್ಜ ಸುಮನೋಬಾಣ, ಸೋದರಮಾವ ಜನ್ನ. ಮನೆತುಂಬ ಕವಿಗಳಿದ್ದವನಿಗೆ ಸಾಕ್ಷಿಗೆ ಬರವೇ? ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನದಿಂದ ಹಿಡಿದು ಹೊಸಗನ್ನಡದವರೆಗಿನ ಪ್ರಯೋಗಗಳನ್ನು ಪೇರಿಸಿತು. ಮೊದಲ ಸಂಪುಟ ಬಂದದ್ದು 1970ರಲ್ಲಿ, ಕೊನೆಯದು 1995ರಲ್ಲಿ. ಜಿ. ವೆಂಕಟಸುಬ್ಬಯ್ಯನವರಂಥವರು ಆಯುಷ್ಯ ತೇಯ್ದ ಆ ಕೆಲಸಕ್ಕೆ ಕೈಮುಗಿದೇ ಮಾತಾಡಬೇಕು. ನನ್ನ ತಕರಾರು ಇಷ್ಟೇ: ಪಂಪ ಹೇಳಿದರೆ ಪ್ರಮಾಣ, ಕುಮಾರವ್ಯಾಸ ಹೇಳಿದರೆ ಪ್ರಮಾಣ, ನಮ್ಮ ಬರದ ಸೀಮೆಯ ಮುರುಗಮಲ್ಲದ ಬಸ್‌ಸ್ಟ್ಯಾಂಡಿನಲ್ಲಿ ನಿಂತವನು ಹೇಳಿದರೆ ಬರೀ ಗಲಾಟೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ದರ್ಗಾದ ಅಂಗಳದಲ್ಲಿ ಉರ್ದು ಆಡುವ ಇವನನ್ನು ಯಾವ ಭಾಷೆಯ ಸಾಕ್ಷಿಯೆಂದು ಬರೆದುಕೊಳ್ಳುವುದು? ಜರ್ಮನಿಯಿಂದ ಬಂದ ಕಿಟೆಲ್ ಪಾದ್ರಿ 1894ರ ತನ್ನ ನಿಘಂಟಿಗೆ ಜನರ ಬಾಯಿಂದ ಗಾದೆಗಳನ್ನಾದರೂ ಎತ್ತಿಕೊಂಡ. ಊರಿನವರಾದ ನಮಗೆ ಅಷ್ಟು ಪುರುಸೊತ್ತೆಲ್ಲಿ!

ಈ ಸೀಮೆಯ ನಿಘಂಟನ್ನು ಒಮ್ಮೆ ಆ ಬಸ್‌ಸ್ಟ್ಯಾಂಡಿನವನ ಕೈಗೇ ಕೊಟ್ಟು ನೋಡಿ.

‘ಶಾಶ್ವತ’: ‘ನೀರಾವರಿ’ಗಿಂತ ಮುಂದೆ ಕೂತು ಬರುವ ವಿಶೇಷಣ. ವಿಶೇಷಣ ಬಂದಿದೆ, ನೀರಾವರಿ ದಾರಿಯಲ್ಲಿದೆ. ಪ್ರಯೋಗ: ವೇದಿಕೆ ಭಾಷಣ; ಎಲ್ಲ ಪಕ್ಷ, ಎಲ್ಲ ಚುನಾವಣೆ.

‘ಅಂದಾಜು’: ಒಂದು ಕಡೆ ನಿಲ್ಲದ ಸಂಖ್ಯೆ. ಪ್ರಯೋಗ: ಎತ್ತಿನಹೊಳೆ. 2014ರಲ್ಲಿ ಶಂಕುಸ್ಥಾಪನೆಯಾದಾಗ 12,912 ಕೋಟಿ ರೂಪಾಯಿ, ಆಮೇಲೆ 23,251 ಕೋಟಿ. ಪಶ್ಚಿಮಘಟ್ಟದಿಂದ ನೀರೆತ್ತುವ ಯೋಜನೆಯಲ್ಲಿ ನೀರಿಗಿಂತ ಮೊದಲು ಮೇಲೇರಿದ್ದು ಇದೇ. 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರದ ಹತ್ತಿರ ಮೊದಲ ಹಂತಕ್ಕೆ ಚಾಲನೆಯನ್ನೂ ಕೊಟ್ಟರು. ಅಲ್ಲಿಂದ ಮುರುಗಮಲ್ಲಕ್ಕೆ ಎಷ್ಟು ದೂರ ಎಂಬುದು ಭೂಗೋಳದ ಪ್ರಶ್ನೆ, ನಿಘಂಟಿನದಲ್ಲ.

‘ಶುದ್ಧ’: ಬೆಂಗಳೂರು ಬಳಸಿ ಬಿಟ್ಟದ್ದು, ಎರಡು ಹಂತ ತೊಳೆಸಿಕೊಂಡು ನಮ್ಮ ಕೆರೆಗೆ ಬಂದದ್ದು. ಪ್ರಯೋಗ: ಹೆಬ್ಬಾಳ–ನಾಗವಾರ ಕಣಿವೆ ಯೋಜನೆ. ಮೂರನೇ ಹಂತ ಎಲ್ಲಿ ಎಂದು ಕೇಳಿದವನ ಹೆಸರು ‘ಅಭಿವೃದ್ಧಿ ವಿರೋಧಿ’ ಎಂಬ ಪದದಡಿ ಸಿಗುತ್ತದೆ.

‘ಆಳ’: ಹಿಂದೆ ಕಾವ್ಯದಲ್ಲಿತ್ತು, ವಿಮರ್ಶಕರು ಇಳಿದು ನೋಡಿ ಬರುತ್ತಿದ್ದರು. ಈಗ ಕೊಳವೆಬಾವಿಯಲ್ಲಿದೆ, ಸಾವಿರ ಅಡಿ ದಾಟಿದರೂ ಬರೀ ಧೂಳು. ಪ್ರಯೋಗ: ತಿರುಚೆಂಗೋಡಿನ ಬೋರ್ ಲಾರಿಯವನ ಬಿಲ್ಲು. ಅಡಿಗಿಷ್ಟು ಎಂದು ಇಷ್ಟು ಕರಾರುವಾಕ್ಕಾಗಿ ಆಳ ಅಳೆದ ವಿಮರ್ಶಕ ಕನ್ನಡದಲ್ಲಿ ಇನ್ನೂ ಹುಟ್ಟಿಲ್ಲ.

ಪಂಡಿತರು ಒಪ್ಪುವುದಿಲ್ಲ, ಗೊತ್ತು. ಬಿಲ್ಲು, ಭಾಷಣ, ಅಂದಾಜುಪಟ್ಟಿ ಸಾಹಿತ್ಯವಲ್ಲ ಎನ್ನುತ್ತಾರೆ. ಕಲ್ಪನಾಶಕ್ತಿಯ ಮಟ್ಟಿಗೆ ಅಂದಾಜುಪಟ್ಟಿಯ ಜೊತೆ ಯಾವ ಕಾದಂಬರಿ ಸರಿಗಟ್ಟೀತೋ ಕಾಣೆ. ಇನ್ನೊಂದು ಆಕ್ಷೇಪವೂ ಬರುತ್ತದೆ: ಬದುಕಿರುವವರ ಮಾತು ಪ್ರಮಾಣವಲ್ಲ, ಜಾನ್ಸನ್ ಕಾಲದಿಂದಲೂ ಅದೇ ಪದ್ಧತಿ ಎಂದು. ಆಗಲಿ, ಕಾಯೋಣ. ಎತ್ತಿನಹೊಳೆಯ ನೀರು ಮುರುಗಮಲ್ಲ ಮುಟ್ಟುವಷ್ಟರಲ್ಲಿ ನಮಗೆಲ್ಲ ಆ ಅರ್ಹತೆಯೂ ಬಂದಿರುತ್ತದೆ.