ವಿಮಾನ ತಡೆದ ಹಳೇ ಚಾಪೆ

ಹಳೇ ಚಾಪೆಗೆ ವಿಮಾನ ತಡೆಯುವ ತಾಕತ್ತಿದೆ ಎಂದರೆ ಧಾರವಾಡದ ನಮ್ಮ ಬಳಗ ಬಿದ್ದು ಬಿದ್ದು ನಗುತ್ತದೆ. ಚೆನ್ನೈನ ಪಲ್ಲಾವರಂನವರು ನಗುವುದಿಲ್ಲ. ವಿಮಾನ ನಿಲ್ದಾಣ ಅವರ ಮಗ್ಗುಲಲ್ಲೇ ಇದೆ. 2018ರ ಜನವರಿ 13, ಭೋಗಿಯ ಬೆಳಗ್ಗೆ ಮನೆಮನೆಯ ಮುಂದೆ ಎದ್ದ ಹೊಗೆ ಮಂಜಿನ ಜೊತೆ ಸೇರಿ ರನ್‌ವೇ ಕಾಣದಂತಾಯಿತು. ಇಳಿಯಬೇಕಿದ್ದ ವಿಮಾನಗಳನ್ನು ಬೆಂಗಳೂರು, ಹೈದರಾಬಾದುಗಳ ಕಡೆ ತಿರುಗಿಸಿದರು. ಹಬ್ಬಕ್ಕೆ ಹೊರಟ ಯಾವನೋ ಅಳಿಯ ಬೆಂಗಳೂರಿನಲ್ಲಿ ಆಕಳಿಸುತ್ತಾ ಕೂತಿದ್ದರೆ, ಅದಕ್ಕೆ ಮಾವನ ಮನೆಯ ಹಳೇ ಚಾಪೆಯೇ ಕಾರಣವಿದ್ದೀತು!

ನಾವೀಗ ನೆಲೆಸಿರುವ ಈ ಪಲ್ಲಾವರಂನಲ್ಲಿ ಭೋಗಿ ಎಂದರೆ ಹಳೆಯದನ್ನೆಲ್ಲ ಬೆಂಕಿಗೆ ಹಾಕಿ ಮರುದಿನದ ಪೊಂಗಲ್‌ಗೆ ಮನೆ ಹಸನು ಮಾಡುವ ದಿನ. ಕೋಳಿ ಕೂಗುವ ಮೊದಲೇ ಹುಡುಗರು ಭೋಗಿ ಮೇಳವೆಂಬ ಪುಟ್ಟ ಡೋಲು ಬಡಿಯುತ್ತಾ ಬೀದಿಗಿಳಿಯುತ್ತಾರೆ; ಇನ್ನು ಯಾರಿಗೆ ನಿದ್ದೆ? ನಮ್ಮ ಉತ್ತರ ಕರ್ನಾಟಕದಲ್ಲೂ ಅಂದೇ ಭೋಗಿ. ಆದರೆ ನಮ್ಮದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬದನೆ-ಗಜ್ಜರಿ-ಅವರೆ ಕೂಡಿಸಿದ ಪಲ್ಯ, ಮೇಲೊಂದು ಮುದ್ದೆ ಬೆಣ್ಣೆಯ ವ್ಯವಹಾರ. “ನೀವು ಏನೂ ಸುಡೋದಿಲ್ವಾ?” ಎಂದು ಪಕ್ಕದ ಮನೆ ಮಾಮಿ ಪ್ರತಿ ವರ್ಷ ಕನಿಕರದಿಂದ ಕೇಳುತ್ತಾರೆ. “ಸುಡತೇವ್ರೀ ಮಾಮಿ, ರೊಟ್ಟಿ!” ಎನ್ನುತ್ತಾಳೆ ನಮ್ಮಾಕೆ.

ಮಾಮಿಯ ಶಾಸ್ತ್ರದಲ್ಲಿ ತಪ್ಪಿಲ್ಲ ಬಿಡಿ. ಅವರ ಅಜ್ಜಿ ಸುಟ್ಟಿದ್ದು ಕೋರೆ ಹುಲ್ಲಿನ ಚಾಪೆ, ತೆಂಗಿನ ಕಡ್ಡಿಯ ಪೊರಕೆ, ಬಿದಿರಿನ ಮೊರ, ಹರಿದ ನೂಲಿನ ಸೀರೆ. ಕೊನೆಗೆ ಉಳಿಯುತ್ತಿದ್ದ ಬೊಗಸೆ ಬೂದಿಯೂ ಪಾತ್ರೆ ತಿಕ್ಕಲು ಒದಗುತ್ತಿತ್ತು. ಈಗ ಚಾಪೆ ಪ್ಲಾಸ್ಟಿಕ್ಕು, ಮೊರ ಪ್ಲಾಸ್ಟಿಕ್ಕು, ಸೀರೆ ಪಾಲಿಯೆಸ್ಟರು. ಶಾಸ್ತ್ರ ಮಾತ್ರ ಅಜ್ಜಿಯದು. ಸಾಲದ್ದಕ್ಕೆ ಟೈರು ಬೇರೆ! ಸ್ಕೂಟರ್ ಟೈರು ಉರಿಯುವುದನ್ನು ಹತ್ತಿರ ನಿಂತು ನೋಡಿದ್ದೀರಾ? ಮೊದಲು ಗುಳ್ಳೆ ಏಳುತ್ತದೆ, ಆಮೇಲೆ ರಬ್ಬರು ಕರಗಿ ತೊಟ್ಟಿಕ್ಕುತ್ತದೆ, ಬಿದ್ದ ತೊಟ್ಟೂ ನೆಲದ ಮೇಲೆ ಉರಿಯುತ್ತದೆ. ಕಡೆಗೆ ಉಳಿಯುವುದು ಎರಡು ತಂತಿ ಬಳೆ, ಮಾಮಿ ಆಗಷ್ಟೇ ಅಕ್ಕಿಹಿಟ್ಟಿನಲ್ಲಿ ಹಾಕಿದ ಕೋಲಂ ರಂಗೋಲಿಯ ಮೇಲೆ ಒಂದು ಪದರ ಮಸಿ. ಅಕ್ಕಿಹಿಟ್ಟು ಇರುವೆಗೆ ಊಟವಂತೆ. ಅಂದು ಇರುವೆಗೂ ಉಪವಾಸ.

ಜನವರಿಯ ನಸುಕಿನಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಿರುತ್ತದೆ, ಅದರ ಮೇಲಿನ ಗಾಳಿ ಬೆಚ್ಚಗಿರುತ್ತದೆ. ಹೊಗೆಗೆ ಮೇಲೇರಲು ದಾರಿಯಿಲ್ಲ. ನಮ್ಮ ಮೂಗಿನ ಮಟ್ಟದಲ್ಲೇ ಠಿಕಾಣಿ ಹೂಡುತ್ತದೆ. ಟೈರು, ಪ್ಲಾಸ್ಟಿಕ್ಕು ಸುಡಬೇಡಿರಪ್ಪಾ ಎಂದು ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿ ವರ್ಷವರ್ಷ ಬೇಡಿಕೊಳ್ಳುತ್ತದೆ. ವಿಮಾನ ನಿಲ್ದಾಣದವರು ಸುತ್ತಲಿನ ಬಡಾವಣೆಗಳಿಗೆ ಕೈಮುಗಿಯುತ್ತಾರೆ.

ಹಾಗಂತ ಇಲ್ಲಿರುವ ನಾವು ಕನ್ನಡಿಗರು ಬಹಳ ಸಾಚಾ ಎಂದುಕೊಳ್ಳಬೇಡಿ. ಭೋಗಿಯ ಮರುದಿನ, ಸಂಕ್ರಾಂತಿಗೆ, ನಮ್ಮ ಮೈಸೂರು ಕಡೆಯ ಗೆಳತಿಯರ ಎಳ್ಳು ಬೀರುವ ದಂಡಯಾತ್ರೆ ಹೊರಡುತ್ತದೆ. ಹಿಡಿ ಎಳ್ಳು-ಬೆಲ್ಲಕ್ಕೊಂದು ಪ್ಲಾಸ್ಟಿಕ್ ಪೊಟ್ಟಣ, ಸಕ್ಕರೆ ಅಚ್ಚಿಗೆ ಇನ್ನೊಂದು, ಎರಡೂ ಸೇರಿ ಒಂದು ಚೀಲ, ಮೇಲೆ ನೆನಪಿಗೊಂದು ಪ್ಲಾಸ್ಟಿಕ್ ಡಬ್ಬಿ. ಈ ಡಬ್ಬಿಯನ್ನು ಯಾರೂ ಬಳಸುವುದಿಲ್ಲ. ಮುಂದಿನ ವರ್ಷ ಇನ್ನೊಬ್ಬರಿಗೆ ದಾಟಿಸುತ್ತಾರೆ. ಮೂರು ಮನೆ ಸುತ್ತಿ ಕೊಟ್ಟವರ ಕೈಗೇ ಬಂದ ಡಬ್ಬಿಗಳೂ ಇವೆ. ಇದೂ ಮರುಬಳಕೆಯೇ ಎಂದು ವಾದಿಸುವವರಿಗೆ ದೊಡ್ಡ ನಮಸ್ಕಾರ. ತಮಿಳುನಾಡಿನಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿಗೆ 2019ರ ಜನವರಿ 1ರಿಂದಲೇ ನಿಷೇಧವಿದೆ. 2021ರ ಡಿಸೆಂಬರಿನಲ್ಲಿ ಸರ್ಕಾರ ‘ಮೀಂಡುಂ ಮಂಜಪ್ಪೈ’ ಎಂದು ಹಳದಿ ಬಟ್ಟೆ ಚೀಲವನ್ನು ಮತ್ತೆ ಪಟ್ಟಕ್ಕೇರಿಸಿತು. ಹಿಂದೆ ಅದನ್ನು ಹಿಡಿದು ಬಂದವರನ್ನು ಹಳ್ಳಿಗುಗ್ಗು ಎಂದು ನಕ್ಕವರೇ ಈಗ ಅದನ್ನು ಹೆಗಲಿಗೇರಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ.

ತಮಾಷೆಯೆಂದರೆ ಹಳೆಯದನ್ನು ಏನು ಮಾಡಬೇಕೆಂದು ಪಲ್ಲಾವರಂಗೆ ಯಾರೂ ಕಲಿಸಬೇಕಿಲ್ಲ. ಇಲ್ಲಿನ ಹಳೇ ಟ್ರಂಕ್ ರೋಡಿನಲ್ಲಿ ಶುಕ್ರವಾರದ ಸಂತೆ ನೆರೆಯುತ್ತದೆ. ಒಂದು ಕಾಲಕ್ಕೆ ದನದ ಸಂತೆ; ಈಗ ಗಿಡದ ಕುಂಡದಿಂದ ಒಣ ಮೀನಿನವರೆಗೆ, ಕಾಲು ಮುರಿದ ಕುರ್ಚಿಯಿಂದ ಕೀಲಿ ಉದುರಿದ ಕಂಪ್ಯೂಟರಿನವರೆಗೆ ಏನುಂಟು ಏನಿಲ್ಲ! ನೀವು ಕಸ ಎಂದದ್ದಕ್ಕೆ ಅಲ್ಲಿ ಚೌಕಾಸಿ ನಡೆಯುತ್ತದೆ.

ಇನ್ನೂ ಹಳೆಯದು ಬೇಕೆ? 1863ರ ಮೇ 30ರಂದು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಇದೇ ಪಲ್ಲಾವರಂನಲ್ಲಿ ಹಳೇ ಶಿಲಾಯುಗದ ಕೈಗೊಡಲಿಯೊಂದನ್ನು ಹೆಕ್ಕಿದ. ಭಾರತದ ಪ್ರಾಗಿತಿಹಾಸದ ಅಧ್ಯಯನ ಶುರುವಾದದ್ದೇ ಅಲ್ಲಿಂದ. ಆ ಕಾಲದ ಮಾಮಿಯೊಬ್ಬಳು “ಈ ಹಳೇ ಕೊಡಲಿ ಯಾಕೆ?” ಎಂದು ಭೋಗಿಗೆ ಎಸೆದಿದ್ದಾಳು! ಪುಣ್ಯಕ್ಕೆ ಕಲ್ಲಿನದು, ಸುಡಲಿಲ್ಲ.

ಆದ್ದರಿಂದ ಮಹಾಜನರೇ, ಭೋಗಿಗೆ ಮುಂಚಿನ ಶುಕ್ರವಾರವೇ ಅಟ್ಟದ ಸಾಮಾನು ಇಳಿಸಿ. ಯಾರಿಗಾದರೂ ಒದಗುವುದನ್ನು ಸಂತೆಗೆ ಸಾಗಿಸಿ, ಟೈರು-ಪ್ಲಾಸ್ಟಿಕ್ಕನ್ನು ಪಾಲಿಕೆಯವರ ಕೈಗೆ ಕೊಡಿ. ಬೆಂಕಿಯಿಲ್ಲದೆ ಶಾಸ್ತ್ರ ಪೂರೈಸದು ಎನ್ನುವವರಿಗೆ ನಾಲ್ಕು ಒಣ ತೆಂಗಿನ ಗರಿ ಧಾರಾಳ ಸಾಕು. ಎಳ್ಳು-ಬೆಲ್ಲಕ್ಕೆ ಕಾಗದದ ಪೊಟ್ಟಣ ಕಟ್ಟಿ. ಒಂದೇ ಎಚ್ಚರ: ಸಂತೆಗೆ ಕೊಡಲು ಹೋದವರು ದಯವಿಟ್ಟು ಬರಿಗೈಯಲ್ಲೇ ಮನೆಗೆ ಬನ್ನಿ.