ಬಗ್ಗಿಗೆ ಬಗ್ಗದ ಮೇಂಟೇನರು

ಸಂಬಳ ಬರುವ ಕೆಲಸಕ್ಕೆ ರಜೆ ಹಾಕಬಹುದು. ಸಂಬಳವೇ ಇಲ್ಲದ ಕೆಲಸಕ್ಕೆ ರಜೆ ಮಂಜೂರು ಮಾಡುವವರು ಯಾರು? ಹೀಗಾಗಿ ಡೆಬಿಯನ್ ಎಂಬ ಕಂಪ್ಯೂಟರ್ ಕಾರ್ಯವ್ಯವಸ್ಥೆಯ ಮೇಂಟೇನರಿಗೆ ಭಾನುವಾರವಿಲ್ಲ, ಯುಗಾದಿಯಿಲ್ಲ, ನೆಂಟರ ಮನೆಯ ಗೃಹಪ್ರವೇಶವೂ ಇಲ್ಲ. ಹೋಗಲೇಬೇಕಾಗಿ ಬಂದರೆ ಹೋಗುತ್ತಾರೆ. ಹೋಮದ ಹೊಗೆ ಬಾರದ ಮೂಲೆಯೊಂದನ್ನು ಹಿಡಿದು, ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿರುತ್ತಾರೆ. “ಆಫೀಸಿನ ಕೆಲಸವಾ?” ಎಂದು ಯಾರಾದರೂ ಕನಿಕರದಿಂದ ಕೇಳಿದರೆ, “ಅಲ್ಲ, ಇದು ಮುಖ್ಯವಾದದ್ದು” ಎನ್ನುತ್ತಾರೆ.

ಬೆಂಗಳೂರಿನ ಸಾಫ್ಟ್‌ವೇರ್ ಜನಸಾಗರದಲ್ಲೂ ಇವರನ್ನು ಗುರುತಿಸುವುದು ಕಷ್ಟವಲ್ಲ. ಲ್ಯಾಪ್‌ಟಾಪ್ ಹಳೆಯ ಥಿಂಕ್‌ಪ್ಯಾಡ್, ಮುಚ್ಚಳದ ಮೇಲೆ ಡೆಬಿಯನ್ನಿನ ಕೆಂಪು ಸುಳಿಯ ಸ್ಟಿಕ್ಕರ್. ಮೈಮೇಲೆ 2023ರಲ್ಲಿ ಕೊಚ್ಚಿಯಲ್ಲಿ ನಡೆದ ಡೆಬ್‌ಕಾನ್ ಸಮ್ಮೇಳನದ ಟೀ ಶರ್ಟು. ಅದು ಎಷ್ಟೇ ಮಾಸಿದ್ದರೂ ನೆಲ ಒರೆಸಲು ಎತ್ತಿಕೊಳ್ಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಹೊಸಬರು ಸಿಕ್ಕರೆ ‘ಯಾವ ಊರು, ಯಾರ ಪೈಕಿ’ ಎಂದು ಕೇಳುವುದು ನಮ್ಮ ರೂಢಿ. ಇವರು “ಪಾಸ್‌ಪೋರ್ಟ್ ತಂದಿದ್ದೀರಾ?” ಎನ್ನುತ್ತಾರೆ. ಡೆಬಿಯನ್‌ಗೆ ಒಂದು ಪ್ಯಾಕೇಜ್, ಅಂದರೆ ಕಟ್ಟಿಟ್ಟ ತಂತ್ರಾಂಶದ ಪೊಟ್ಟಣ, ಏರಿಸಬೇಕಾದರೆ ಡಿಜಿಟಲ್ ಸಹಿ ಬೇಕು. ಆ ಸಹಿಯ ಕೀಲಿ ಈ ಮನುಷ್ಯರದ್ದೇ ಹೌದೆಂದು, ಮೊದಲೇ ಒಳಗಿರುವವರು ಮುಖಾಮುಖಿ ಕಂಡು, ಗುರುತಿನ ಚೀಟಿ ನೋಡಿ ಸಾಕ್ಷಿ ಹಾಕಬೇಕು. ಇದಕ್ಕೆಂದೇ ಸಮ್ಮೇಳನಗಳಲ್ಲಿ ಸಾಲಾಗಿ ನಿಂತು, ಒಬ್ಬರ ಪಾಸ್‌ಪೋರ್ಟ್ ಇನ್ನೊಬ್ಬರು ತಿರುವಿ, ನಲವತ್ತು ಅಂಕಿ ಅಕ್ಷರಗಳ ಗುರುತನ್ನು ಒಂದೊಂದಾಗಿ ತಾಳೆ ನೋಡುತ್ತಾರೆ. ಇದಕ್ಕೆ ಅವರಿಟ್ಟಿರುವ ಹೆಸರು ಪಾರ್ಟಿ.

ಡೆಬಿಯನ್ ಹುಟ್ಟಿದ್ದು 1993ರ ಆಗಸ್ಟ್ 16ರಂದು. ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ತನ್ನ ಹೆಸರಿನ ಮುಂದೆ ಗೆಳತಿ ಡೆಬ್ರಾಳ ಹೆಸರು ಸೇರಿಸಿ ಈ ಲಿನಕ್ಸ್ ವಿತರಣೆಗೆ ನಾಮಕರಣ ಮಾಡಿದ. ಇದಕ್ಕೆ ಮಾಲೀಕರಿಲ್ಲ, ಷೇರುದಾರರಿಲ್ಲ, ಇರುವವರೆಲ್ಲ ಸ್ವಯಂಸೇವಕರು. 2025ರ ಆಗಸ್ಟ್‌ನಲ್ಲಿ ಬಂದ ಹದಿಮೂರನೆಯ ಆವೃತ್ತಿ ‘ಟ್ರಿಕ್ಸಿ’ಯಲ್ಲಿ 69,830 ಪ್ಯಾಕೇಜುಗಳಿವೆ. ಆವೃತ್ತಿಗಳಿಗೆಲ್ಲ ‘ಟಾಯ್ ಸ್ಟೋರಿ’ ಸಿನಿಮಾದ ಪಾತ್ರಗಳ ಹೆಸರು. ಎಂದೂ ಬಿಡುಗಡೆಯಾಗದೆ ದಿನವೂ ಬದಲಾಗುತ್ತಲೇ ಇರುವ ಅಸ್ಥಿರ ಆವೃತ್ತಿಗೆ ‘ಸಿಡ್’, ಅಂದರೆ ಆ ಚಿತ್ರದಲ್ಲಿ ಆಟಿಕೆ ಮುರಿಯುವ ಪಕ್ಕದ ಮನೆಯ ಪುಂಡನ ಹೆಸರು. ನಮ್ಮ ಮೇಂಟೇನರ ಸ್ವಂತ ಲ್ಯಾಪ್‌ಟಾಪಿನಲ್ಲಿರುವುದು ಸಿಡ್. ಜಗತ್ತಿಗೆಲ್ಲ ಸ್ಥಿರತೆ ಹಂಚುವವರಿಗೆ ಸ್ವಂತಕ್ಕೆ ಅದರ ಮೇಲೆ ಆಸೆಯಿಲ್ಲ.

ಇಷ್ಟಕ್ಕೂ ಮೇಂಟೇನರು ಮಾಡುವುದೇನು? ಮದುವೆಮನೆಯ ಪಂಕ್ತಿಯನ್ನು ನೆನಪಿಸಿಕೊಳ್ಳಿ. ಅಡುಗೆ ಭಟ್ಟರು ಒಳಗೆ ಒಲೆಯ ಮುಂದೆ ಕ್ಷೇಮವಾಗಿರುತ್ತಾರೆ. ಸಾರಿಗೆ ಉಪ್ಪು ಕಡಿಮೆಯಾದರೆ ಬೈಸಿಕೊಳ್ಳುವವನು ಎಲೆಯ ಮುಂದೆ ಸೌಟು ಹಿಡಿದು ನಿಂತವನು. ಪ್ರೋಗ್ರಾಂ ಬರೆದವರಿಗೆ ಈ ಲೋಕದಲ್ಲಿ ಅಪ್‌ಸ್ಟ್ರೀಮ್ ಎನ್ನುತ್ತಾರೆ, ಅವರು ಭಟ್ಟರು. ಅದನ್ನು ಪ್ಯಾಕೇಜಾಗಿ ಕಟ್ಟಿ ಬಡಿಸುವ ಮೇಂಟೇನರದು ಸೌಟು. ಕೆಲವೊಮ್ಮೆ ಭಟ್ಟರೇ ಹೊರಗೆ ಬಂದು ಜಗಳಕ್ಕೆ ನಿಲ್ಲುವುದುಂಟು. ಎಕ್ಸ್‌ಸ್ಕ್ರೀನ್‌ಸೇವರ್ ಎಂಬ ತಂತ್ರಾಂಶ ಬರೆದ ಜೇಮಿ ಜವಿನ್ಸ್‌ಕಿ, ಡೆಬಿಯನ್‌ನವರು ತನ್ನ ಹಳೆಯ ಆವೃತ್ತಿಯನ್ನೇ ವರ್ಷಗಟ್ಟಲೆ ಹಂಚುತ್ತಾರೆಂದು ರೋಸಿ, ‘ಈ ಆವೃತ್ತಿ ಬಹಳ ಹಳೆಯದು’ ಎಂಬ ಎಚ್ಚರಿಕೆ ತಾನಾಗಿ ತೆರೆಯ ಮೇಲೆ ಮೂಡುವಂತೆ ಮಾಡಿಟ್ಟ. 2016ರಲ್ಲಿ ಇದು ದೊಡ್ಡ ರಂಪವಾಯಿತು. ‘ಹಳಸಿದ್ದು ಬಡಿಸುವುದಾದರೆ ನನ್ನ ಸಾರನ್ನೇ ಬಡಿಸಬೇಡಿ’ ಎಂಬುದು ಅವನ ವಾದ. ‘ಹಳಸಿದ್ದಲ್ಲ, ಪರೀಕ್ಷಿಸಿದ್ದು’ ಎಂಬುದು ಇವರ ವಾದ.

ಪೊಟ್ಟಣ ಕಟ್ಟುವುದು ಏನು ಮಹಾ ಎನ್ನಬೇಡಿ. ಮೊದಲು ಲೈಸೆನ್ಸ್ ನೋಡಬೇಕು. ಪ್ರೋಗ್ರಾಮಿನ ಒಳಗಿನ ಪ್ರತಿ ಕಡತವನ್ನು ಯಾರು ಬರೆದರು, ಯಾವ ಷರತ್ತಿನ ಮೇಲೆ ಕೊಟ್ಟರು ಎಂಬುದೆಲ್ಲ ದಾಖಲಾಗಬೇಕು. ಮೂಲೆಯಲ್ಲಿರುವ ಪುಟ್ಟ ಐಕಾನ್ ಬಿಡಿಸಿದವರನ್ನೂ ಬಿಡುವಂತಿಲ್ಲ. ಜೇಸನ್ ತಂತ್ರಾಂಶದ ಲೈಸೆನ್ಸಿನಲ್ಲಿ ಡಗ್ಲಸ್ ಕ್ರಾಕ್‌ಫರ್ಡ್ ಒಂದು ಸಾಲು ಸೇರಿಸಿದ್ದ: ಇದನ್ನು ಒಳ್ಳೆಯದಕ್ಕೆ ಬಳಸಿ, ಕೆಟ್ಟದ್ದಕ್ಕೆ ಬಳಸಬೇಡಿ ಎಂದು. ಬೇರೆ ಎಷ್ಟೋ ಜನ ಓದಿ ನಕ್ಕು ಮುಂದೆ ಹೋದರು. ಡೆಬಿಯನ್‌ನವರು ನಗಲಿಲ್ಲ. ಯಾವ ಉದ್ದೇಶಕ್ಕೂ ನಿರ್ಬಂಧ ಹೇರಬಾರದೆಂಬುದು ಅವರ ನಿಯಮ. ಆದ್ದರಿಂದ ಈ ಲೈಸೆನ್ಸ್ ಮುಕ್ತವಲ್ಲ ಎಂದು ತೀರ್ಪಾಯಿತು. ಜನ್ಮದಲ್ಲಿ ಇರುವೆಯನ್ನೂ ತುಳಿಯದ ಮೇಂಟೇನರು ದುಷ್ಟರ ಹಕ್ಕಿನ ಪರ ವಕಾಲತ್ತು ವಹಿಸುವುದನ್ನು ಇಲ್ಲಿ ಮಾತ್ರ ನೋಡಬಹುದು.

ಲೈಸೆನ್ಸ್ ದಾಟಿದರೆ ಚೇಂಜ್‌ಲಾಗ್. ಏನು ಬದಲಾಯಿತೆಂದು ಬರೆದು ಕೆಳಗೆ ಹೆಸರು, ಇಮೇಲ್, ದಿನಾಂಕ ಹಾಕಬೇಕು. ಆ ಹೆಸರಿನ ಸಾಲಿನ ಆರಂಭಕ್ಕೆ ಒಂದೇ ಸ್ಪೇಸ್. ಇಮೇಲ್‌ಗೂ ದಿನಾಂಕಕ್ಕೂ ನಡುವೆ ಎರಡು ಸ್ಪೇಸ್. ಒಂದಲ್ಲ, ಮೂರಲ್ಲ. ಇದಾದ ಮೇಲೆ ಲಿಂಟಿಯನ್ ಎಂಬ ಪರೀಕ್ಷಕ ತಂತ್ರಾಂಶವಿದೆ. ಕೈಪಿಡಿ ಪುಟದಲ್ಲಿ ಮೈನಸ್ ಇರಬೇಕಾದಲ್ಲಿ ಹೈಫನ್ ಹಾಕಿದ್ದಕ್ಕೂ ಅದು ಹಿಂದೆ ಕಿವಿ ಹಿಂಡುತ್ತಿತ್ತು. ಎರಡು ಗೀಟುಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರೆ ನಿಮಗೂ ನನಗೂ ವ್ಯತ್ಯಾಸ ಕಾಣದು. ಮೇಂಟೇನರಿಗೆ ಅದು ಕನಸಿನಲ್ಲೂ ಕಾಣುತ್ತದೆ.

ಆದರೆ ಇವರ ನಿಜವಾದ ದರ್ಶನವಾಗಬೇಕಾದರೆ ನೀವು ಒಂದು ದೂರು ಹೇಳಬೇಕು. ಡೆಬಿಯನ್‌ನಲ್ಲಿ ಕನ್ನಡಕ್ಕೆ ನವಿಲು, ಗುಬ್ಬಿ ಎಂಬ ಫಾಂಟುಗಳ ಪ್ಯಾಕೇಜುಗಳಿವೆ. ಇವರ ಮಾತು ಕೇಳಿ ಡೆಬಿಯನ್ ಹಾಕಿಕೊಂಡ ಭಾಮೈದ ಒಂದು ಸಂಜೆ ಫೋನ್ ಮಾಡುತ್ತಾನೆ.

“ಭಾವ, ಕನ್ನಡ ಕೆಲಸ ಮಾಡ್ತಿಲ್ಲ.”

“ಕನ್ನಡ ಎರಡು ಸಾವಿರ ವರ್ಷದಿಂದ ಕೆಲಸ ಮಾಡ್ತಿದೆ. ಏನಾಯ್ತು ಸರಿಯಾಗಿ ಹೇಳು.”

“ಅಕ್ಷರ ಎಲ್ಲಾ ಹೆಂಗೆಂಗೋ ಬರ್ತಿದೆ.”

“ಎಲ್ಲಾ ಅಂದ್ರೆ? ‘ಅ’ ಸರಿಯಾಗಿ ಬರ್ತಿದೆಯಾ?”

“ಅದು ಬರ್ತಿದೆ.”

“ಹಾಗಾದ್ರೆ ಎಲ್ಲಾ ಅಲ್ಲ. ಒಂದು ಪದ ಹೇಳು.”

“‘ರಾಷ್ಟ್ರ’. ಒತ್ತು ಪಕ್ಕಕ್ಕೆ ಜಾರಿಬಿಟ್ಟಿದೆ.”

“ನವಿಲೋ, ಗುಬ್ಬಿಯೋ?”

“ಯಾವ ಹಕ್ಕಿಯೋ ನನಗೇನು ಗೊತ್ತು ಭಾವ? ನಿನ್ನೆ ತನಕ ಸರಿ ಇತ್ತು.”

“ನಿನ್ನೆಯಿಂದ ಏನು ಬದಲಾಯಿಸಿದೆ?”

“ಏನೂ ಇಲ್ಲ.”

ಮೇಂಟೇನರು ಫೋನನ್ನು ಕಿವಿಯಿಂದ ತೆಗೆದು ಸೂರು ನೋಡುತ್ತಾರೆ. ಭೂಮಿಯ ಮೇಲೆ ಕೆಟ್ಟುಹೋದ ಕಂಪ್ಯೂಟರುಗಳೆಲ್ಲ ‘ಏನೂ ಬದಲಾಯಿಸದೆ’ ಕೆಟ್ಟವೇ. ಒತ್ತು ಜಾರಿದರೆ ತಪ್ಪು ಫಾಂಟಿನದಿರಬಹುದು, ಅಕ್ಷರಗಳನ್ನು ಕೂಡಿಸುವ ಹಾರ್ಫ್‌ಬಜ್‌ನದಿರಬಹುದು, ಅದನ್ನು ತೆರೆಗೆ ತಂದ ಪ್ರೋಗ್ರಾಮಿನದಿರಬಹುದು. ಭಾಮೈದನ ಲೆಕ್ಕದಲ್ಲಿ ಮಾತ್ರ ತಪ್ಪು ಭಾವನದು.

ಡೆಬಿಯನ್‌ನಲ್ಲಿ ದೂರು ಕೊಡುವುದಕ್ಕೆ ‘ರಿಪೋರ್ಟ್‌ಬಗ್’ ಎಂಬ ತಂತ್ರಾಂಶವಿದೆ. ಅದು ನಾಲ್ಕು ಪ್ರಶ್ನೆ ಕೇಳುತ್ತದೆ: ಯಾವ ಸಂದರ್ಭದಲ್ಲಿ ಆಯಿತು? ನೀವು ಏನು ಮಾಡಿದಿರಿ? ಏನಾಯಿತು? ಏನಾಗಬೇಕಿತ್ತು? ನೋಡಲು ಸರಳ. ಆದರೆ ಗೊಣಗುವುದರಲ್ಲಿ ಜಗತ್ತನ್ನೇ ಸೋಲಿಸಬಲ್ಲ ನಾವು ಈ ನಾಲ್ಕು ಪ್ರಶ್ನೆಗಳ ಮುಂದೆ ತಡವರಿಸುತ್ತೇವೆ. ಬಸ್ಸು, ಕಾಫಿ, ಸರ್ಕಾರ, ಸೊಸೆ ಯಾವುದರ ಮೇಲಾದರೂ ಗಂಟೆಗಟ್ಟಲೆ ಗೊಣಗಬಲ್ಲೆವು. ಏನಾಗಬೇಕಿತ್ತೆಂದು ಕೇಳಿದರೆ ಹೊರಡುವ ಹೊತ್ತಾಗುತ್ತದೆ. ಮೇಂಟೇನರು ಗೊಣಗಾಟವನ್ನು ಸಹಿಸರು, ಒಳ್ಳೆಯ ದೂರಿಗೆ ಸೋತುಹೋಗುತ್ತಾರೆ. ನಾಲ್ಕು ಪ್ರಶ್ನೆಗೂ ಉತ್ತರ ಬರೆದು, ಆವೃತ್ತಿ ಸಂಖ್ಯೆ ಕೊಟ್ಟು, ಜೊತೆಗೆ ತಿದ್ದುಪಡಿಯ ಪ್ಯಾಚನ್ನೂ ಲಗತ್ತಿಸಿದ ದೂರು ಬಂದರೆ ಅವರ ಮುಖ ಅರಳುವುದನ್ನು ನೋಡಬೇಕು. ಅಷ್ಟು ಸಂತೋಷ ಅವರಿಗೆ ಯಾವ ಹೊಗಳಿಕೆಯಿಂದಲೂ ಆಗಿದ್ದಿಲ್ಲ. ದೋಷವನ್ನಾದರೆ ಮರುಸೃಷ್ಟಿಸಿ ನೋಡಬಹುದು, ಹೊಗಳಿಕೆಯನ್ನು ಮರುಸೃಷ್ಟಿಸಲು ಬರುವುದಿಲ್ಲವಷ್ಟೆ.

ದೂರುಗಳಿಗೆ ಏಳು ದರ್ಜೆ. ಮೇಲಿನಿಂದ ಕ್ರಿಟಿಕಲ್, ಗ್ರೇವ್, ಸೀರಿಯಸ್. ಈ ಮೂರರಲ್ಲಿ ಒಂದಿದ್ದರೂ ಪ್ಯಾಕೇಜು ಬಿಡುಗಡೆಯ ಪಂಕ್ತಿಯಿಂದ ಏಳಬೇಕಾದೀತು. ಆಮೇಲೆ ಇಂಪಾರ್ಟೆಂಟ್, ನಾರ್ಮಲ್, ಮೈನರ್. ಕೊನೆಗೆ ವಿಶ್‌ಲಿಸ್ಟ್, ಅಂದರೆ ಆದರೆ ಒಳ್ಳೆಯದು, ಆಗದಿದ್ದರೆ ಕೇಳಬೇಡಿ. ಈ ವಿಂಗಡಣೆ ಮನೆಯೊಳಕ್ಕೂ ಬಂದಿದೆ. “ಅಡುಗೆಮನೆ ನಲ್ಲಿ ಸೋರ್ತಿದೆ” ಎಂದು ಹೆಂಡತಿ ಹೇಳಿದರೆ, “ನಾನು ನೋಡಿದಾಗ ಸೋರಲಿಲ್ಲವಲ್ಲ. ಮೈನರ್” ಎನ್ನುತ್ತಾರೆ. ಆಕೆಯೂ ಇವರ ಜೊತೆ ಸಂಸಾರ ಮಾಡಿ ಪಳಗಿದವರು. “ನೀರು ಹರಿದು ನಿಮ್ಮ ಲ್ಯಾಪ್‌ಟಾಪ್ ಚಾರ್ಜರ್ ಹತ್ತಿರ ಬಂದಿದೆ” ಎನ್ನುತ್ತಾರೆ. ಸಂಬಂಧವಿಲ್ಲದ ಬೇರೆ ತಂತ್ರಾಂಶವನ್ನೂ ಕೆಡಿಸುವ ದೋಷ ಕ್ರಿಟಿಕಲ್ ಎಂದು ಡೆಬಿಯನ್‌ನ ವ್ಯಾಖ್ಯೆಯೇ ಇದೆ. ಅರ್ಧ ಗಂಟೆಯಲ್ಲಿ ಪ್ಲಂಬರ್ ಬರುತ್ತಾನೆ.

ಅಸಾಧ್ಯವೆನಿಸುವ ದೂರನ್ನೂ ನಂಬಬೇಕೆಂಬುದಕ್ಕೆ ಇವರು ಕೊಡುವ ಉದಾಹರಣೆ ಡೆಬಿಯನ್ ಬುನಾದಿಯ ಮೇಲೇ ಕಟ್ಟಿದ ಉಬುಂಟುವಿನದು. 2009ರ ಸುಮಾರಿನ ಮಾತು. ಒಬ್ಬಾತನ ಹೆಂಡತಿ, ಓಪನ್ಆಫೀಸ್ ತಂತ್ರಾಂಶದಿಂದ ಮಂಗಳವಾರ ಪ್ರಿಂಟ್ ಬರುವುದಿಲ್ಲ ಎಂದಳು. ಮಾಡಿಯೂ ತೋರಿಸಿದಳು. ನೋಡಿದರೆ ಹೌದು! ಮುದ್ರಿಸಬೇಕಾದ ಕಡತದಲ್ಲಿ ದಿನಾಂಕವಿರುತ್ತದೆ. ಕಡತದ ಜಾತಿ ಕಂಡುಹಿಡಿಯುವ ‘ಫೈಲ್’ ಎಂಬ ಪ್ರೋಗ್ರಾಂ, ಇಂಗ್ಲಿಷಿನಲ್ಲಿ ಮಂಗಳವಾರದ ಮೊದಲ ಮೂರಕ್ಷರ ಒಂದು ನಿರ್ದಿಷ್ಟ ಜಾಗದಲ್ಲಿ ಕಂಡೊಡನೆ ಇದು ಎರ್ಲಾಂಗ್ ಭಾಷೆಯ ಕಡತವೆಂದು ತೀರ್ಮಾನಿಸುತ್ತಿತ್ತು. ಮುದ್ರಿಸುವಂಥದ್ದಲ್ಲವೆಂದು ಪ್ರಿಂಟರ್ ಸುಮ್ಮನಾಗುತ್ತಿತ್ತು. ಮೇಂಟೇನರು ಇದನ್ನು ಊಟದ ಹೊತ್ತಿಗೆ ಹೇಳಿ, “ಗೊತ್ತಾಯ್ತಾ, ಗಮನಿಸುವುದು ಅಂದ್ರೆ ಇದು” ಎಂದರು. “ಮಂಗಳವಾರ ಹೊಸ ಕೆಲಸ ಹಿಡೀಬೇಡ ಅಂತ ನಾನು ಬಡ್ಕೊಂಡಾಗ ಯಾವ ಮಹಾರಾಯ ಗಮನಿಸಿದ?” ಎಂದರು ಅವರ ತಾಯಿ, ಮಜ್ಜಿಗೆ ಬಡಿಸುತ್ತ.

ಇವರ ಈ ಕಿರಿಕಿರಿಯೆಲ್ಲ ಅತಿಯಾಯಿತು ಅನ್ನಿಸಿದರೆ ಎರಡು ಸಂಗತಿ ನೆನಪಿಟ್ಟುಕೊಳ್ಳಿ. 2006ರಲ್ಲಿ ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ, ಪರೀಕ್ಷಕ ಸಾಧನವೊಂದು ಗೊಣಗುತ್ತದೆಂದು ಎರಡು ಸಾಲು ಕಿತ್ತುಹಾಕಲಾಯಿತು. ಗೊಣಗಾಟ ನಿಂತಿತು. 2008ರ ಮೇ ತಿಂಗಳಲ್ಲಿ ತಿಳಿದದ್ದು: ಅಂದಿನಿಂದ ಅದರಲ್ಲಿ ಹುಟ್ಟಿದ ಗುಪ್ತ ಕೀಲಿಗಳನ್ನೆಲ್ಲ ಸುಮಾರು 32 ಸಾವಿರ ಸಾಧ್ಯತೆಗಳೊಳಗೇ ಹುಡುಕಿ ತೆಗೆಯಬಹುದಿತ್ತು. ಅಂದಿನಿಂದ ಇವರು ಬೇರೆಯವರ ಒಂದು ಸಾಲು ಅಳಿಸುವ ಮೊದಲು ಕುಲದೇವರನ್ನು ನೆನೆಯುತ್ತಾರೆ.

ಇನ್ನೊಂದು 2024ರ ಮಾರ್ಚ್‌ನದು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರಿಗೆ ಡೆಬಿಯನ್ ಸಿಡ್‌ನಲ್ಲಿ ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿತು. ಬೇರೆ ಯಾರಾದರೂ ಆಗಿದ್ದರೆ ಆಕಳಿಸಿ ಸುಮ್ಮನಾಗುತ್ತಿದ್ದರು. ಅವನು ಅಳೆದ: 0.299 ಸೆಕೆಂಡಿನ ಕೆಲಸಕ್ಕೆ 0.807 ಸೆಕೆಂಡ್. ಬೆನ್ನುಹತ್ತಿ ಹೋದರೆ, ಎಕ್ಸ್‌ಝಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಕೊರೆದಿಟ್ಟಿದ್ದರು. ಸ್ಥಿರ ಆವೃತ್ತಿಗಳನ್ನು ಅದು ಮುಟ್ಟುವ ಮೊದಲೇ ಸಿಕ್ಕಿಬಿತ್ತು. ಲೋಕದ ಸರ್ವರುಗಳನ್ನು ಕಾದದ್ದು ಯಾವ ಕಾವಲುಗಾರನೂ ಅಲ್ಲ. ಅರ್ಧ ಸೆಕೆಂಡಿಗೆ ಸಿಡಿಮಿಡಿಗೊಂಡ ಒಬ್ಬ ಮನುಷ್ಯ. ಈ ಕಥೆ ಹೇಳುವಾಗ ಮೇಂಟೇನರ ಕಣ್ಣು ತುಂಬಿ ಬರುತ್ತದೆ. ಆಮೇಲೆ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಮಿಸುಕದೆ ಕೂರುತ್ತಾರೆ. ಅದು ಅವರ ಪ್ಯಾಕೇಜಲ್ಲ.

ಒಂದು ದಿನ ಮೇಂಟೇನರಿಗೂ ಸಾಕೆನಿಸುತ್ತದೆ. ಒಂದು ಪ್ಯಾಕೇಜನ್ನಾದರೂ ಯಾರಿಗಾದರೂ ವಹಿಸಬೇಕೆಂದು ‘ದತ್ತು ತೆಗೆದುಕೊಳ್ಳುವವರು ಬೇಕಾಗಿದ್ದಾರೆ’ ಎಂಬ ವಿನಂತಿ ಹಾಕುತ್ತಾರೆ. ಡೆಬಿಯನ್‌ನಲ್ಲಿ ಅದನ್ನೂ ಒಂದು ಬಗ್ ಎಂದೇ ದಾಖಲಿಸಬೇಕು. ಹುಬ್ಬಳ್ಳಿಯ ಎಂಜಿನಿಯರಿಂಗ್ ಹುಡುಗನೊಬ್ಬ ಮುಂದೆ ಬರುತ್ತಾನೆ. ಇವರು ಅವನ ಕೆಲಸ ತರಿಸಿ ನೋಡಿ, ಚೇಂಜ್‌ಲಾಗಿನಲ್ಲಿ ಎರಡು ಸ್ಪೇಸ್ ಬದಲು ಒಂದೇ ಇರುವುದನ್ನು ಹಿಡಿದು ವಾಪಸ್ ಕಳಿಸುತ್ತಾರೆ. ಲೈಸೆನ್ಸಿನಲ್ಲಿ ಒಂದು ವರ್ಷ ಬಿಟ್ಟುಹೋಗಿದ್ದಕ್ಕೆ ಮತ್ತೊಮ್ಮೆ. ಮೂರನೆಯ ಸಲ ಹುಡುಗ ಕೆಲಸ ಕಳಿಸುವುದಿಲ್ಲ. ಇವರದೇ ಪ್ಯಾಕೇಜಿನ ಮೇಲೆ ಒಂದು ದೂರು ಕಳಿಸುತ್ತಾನೆ. ವಿವರಣೆಯ ಎರಡನೆಯ ಸಾಲಿನಲ್ಲಿ ಒಂದು ಕಾಗುಣಿತ ತಪ್ಪು. ದರ್ಜೆ ಮೈನರ್. ಪ್ಯಾಚ್ ಲಗತ್ತಿಸಿದೆ.

ಮೇಂಟೇನರು ಅದನ್ನು ಓದಿ, ಇನ್ನೊಮ್ಮೆ ಓದಿ, ಹೆಂಡತಿಯನ್ನು ಕೂಗುತ್ತಾರೆ.

“ನೋಡೇ ಇಲ್ಲಿ! ಹನ್ನೊಂದು ವರ್ಷದಿಂದ ಇದ್ದ ತಪ್ಪು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎಷ್ಟು ಚೆನ್ನಾಗಿ ಬರೆದಿದ್ದಾನೆ! ಇವನಿಗೆ ಕೊಡಬಹುದು.”

“ಪ್ಯಾಕೇಜ್ ಕೊಡ್ತಿದ್ದೀರೋ, ಹೆಣ್ಣು ಕೊಡ್ತಿದ್ದೀರೋ?”

“ಹೆಣ್ಣು ಕೊಡೋವಾಗ ಇಷ್ಟೆಲ್ಲ ಯಾರು ನೋಡ್ತಾರೆ? ನಿಮ್ಮಪ್ಪ ನನ್ನನ್ನ ಒಂದು ಟೆಸ್ಟೂ ಮಾಡದೆ ಒಪ್ಪಿಕೊಂಡುಬಿಟ್ರು.”

“ಅದಕ್ಕೇ ಅಲ್ವಾ, ಇಷ್ಟು ವರ್ಷದಿಂದ ಮೇಂಟೇನ್ ಮಾಡ್ತಿರೋದು ನಾನು!”