ಜಮೀನು ನಿಮ್ಮದು, ಪಹಣಿ ಅವರದು

ಹೊಸ ಕಂಪ್ಯೂಟರ್ ಬಂದ ಮನೆಯಲ್ಲಿ ಇಡೀ ವಂಶ ಒಂದೇ ಮಂಗಳವಾರ ಹುಟ್ಟುತ್ತದೆ. ಅಜ್ಜನ ಷಷ್ಟ್ಯಬ್ದಿ, ಮೊಮ್ಮಗನ ನಾಮಕರಣ, ಅಕ್ಕನ ಮದುವೆ, ಅದೇ ಅಕ್ಕನ ಮಗಳ ಮದುವೆ ಎಲ್ಲವೂ ಹಳೆಯ ಡಿಸ್ಕಿನಿಂದ ಹೊಸದಕ್ಕೆ ಕಾಪಿಯಾದ ದಿನವೇ ನಡೆದವೆಂದು ವಿಂಡೋಸ್ ಬರೆದುಕೊಳ್ಳುತ್ತದೆ. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿದೆ. ತಾಯಿ ಮಗಳನ್ನು ಒಂದೇ ಮುಹೂರ್ತಕ್ಕೆ ಕೂರಿಸುವ ಧೈರ್ಯ ಅಲ್ಲಿಯೂ ಯಾರೂ ಮಾಡಿರಲಿಕ್ಕಿಲ್ಲ.

ಇನ್ನೂ ಸ್ವಾರಸ್ಯ ಪಕ್ಕದ ಕಾಲಮ್ಮಿನಲ್ಲಿದೆ. ‘ಕ್ರಿಯೇಟೆಡ್’ ಎಂಬಲ್ಲಿ ಕಾಪಿ ಮಾಡಿದ ದಿನ, ‘ಮಾಡಿಫೈಡ್’ ಎಂಬಲ್ಲಿ ಹಳೆಯ ದಿನ. ಅಂದರೆ ಹುಟ್ಟುವುದಕ್ಕೆ ಹದಿನೈದು ವರ್ಷ ಮುಂಚೆಯೇ ತಿದ್ದುಪಡಿಯಾದ ಫೋಟೋ. ತಾಲ್ಲೂಕು ಕಚೇರಿ ಹತ್ತಿ ಇಳಿದವರಿಗೆ ಇದು ಹೊಸದೇನಲ್ಲ.

ಹೊಸದಾಗಬೇಕಾಗಿಯೂ ಇಲ್ಲ, ಯಾಕೆಂದರೆ ಡಿಜಿಟಲ್ ಫೋಟೋ ಎಂಬುದು ಅಪ್ಪಟ ಕಂದಾಯ ಇಲಾಖೆಯ ವ್ಯವಹಾರ. ಚಿತ್ರ ಜಮೀನು. ಅದು ಯಾವತ್ತು ತೆಗೆದದ್ದು, ಯಾವ ಊರಿನದು, ಒಳಗೆ ನಿಂತವರು ಯಾರ್‍ಯಾರು, ಯಾವ ಆಲ್ಬಮ್ಮಿಗೆ ಸೇರಿದ್ದು ಎಂಬುದೆಲ್ಲ ಪಹಣಿ. ಜಮೀನು ನಿಮ್ಮ ಸುಪರ್ದಿಯಲ್ಲೇ ಇರುತ್ತದೆ, ಬೇಕಾದರೆ ಪೆನ್‌ಡ್ರೈವಿಗೆ ಹಾಕಿ ಜೇಬಿನಲ್ಲಿಟ್ಟುಕೊಳ್ಳಿ. ಪಹಣಿ ಮಾತ್ರ ಯಾವುದೋ ಕಪಾಟಿನಲ್ಲಿ, ಯಾವುದೋ ಗುಮಾಸ್ತನ ಕೈಬರಹದಲ್ಲಿ ಇರುತ್ತದೆ. ಆ ಗುಮಾಸ್ತನಿಗೆ ಯಾವಾಗ ವರ್ಗವಾಗುತ್ತದೋ ನಿಮಗೆ ತಿಳಿಯುವುದಿಲ್ಲ.

ಪಿಕಾಸಾ ನೆನಪಿರಬಹುದು. 2004ರಲ್ಲಿ ಗೂಗಲ್ ಕೊಂಡುಕೊಂಡು ಊರಿಗೆಲ್ಲ ಪುಕ್ಕಟೆ ಹಂಚಿದ ತಂತ್ರಾಂಶ. ಮುಖಗಳನ್ನು ಹುಡುಕಿ ತೆಗೆದು ‘ಇವರು ಯಾರು?’ ಎಂದು ಕೇಳುತ್ತಿತ್ತು. ಎಷ್ಟೋ ಮನೆಗಳ ಯಜಮಾನರು ಇಡೀ ಬೇಸಿಗೆ ಕೂತು, ಸೋದರತ್ತೆಯ ಮೈದುನನ ತನಕ ಹೆಸರು ಟೈಪಿಸಿದರು. ನಿವೃತ್ತಿಯ ನಂತರ ಮಾಡಿದ ಒಂದೇ ಒಂದು ಉಪಯುಕ್ತ ಕೆಲಸವೆಂದು ಮನೆಯವರೂ ಒಪ್ಪಿದ್ದರು. 2016ರ ಮಾರ್ಚ್ 15ಕ್ಕೆ ಆ ಅಂಗಡಿ ಬಾಗಿಲು ಹಾಕಿತು. ಹಾಕಿದ ಮೇಲೂ ಹಳೆಯ ಯಂತ್ರದಲ್ಲಿ ಓಡುತ್ತಿದ್ದುದರಿಂದ ಯಾರಿಗೂ ಬಿಸಿ ತಟ್ಟಲಿಲ್ಲ. ತಟ್ಟುವುದು ಹೊಸ ಯಂತ್ರಕ್ಕೆ ಫೋಲ್ಡರ್ ಎಳೆದು ಹಾಕಿದ ದಿನ. ಫೋಟೋಗಳ ಮಗ್ಗುಲಲ್ಲೇ ಕಣ್ಣಿಗೆ ಕಾಣದಂತೆ ಒಂದು ಪುಟ್ಟ ಐಎನ್‌ಐ ಫೈಲ್ ಅಡಗಿರುತ್ತದೆ. ಮುಖ ಚಿತ್ರದ ಯಾವ ಮೂಲೆಯಲ್ಲಿದೆ ಎಂಬ ಚಕ್ಕುಬಂದಿ ಅದರಲ್ಲಿದೆ, ಆ ಮುಖಕ್ಕೆ ಕೊಟ್ಟ 16 ಅಕ್ಷರಗಳ ಗುರುತೂ ಇದೆ. ಗುರುತಿಗೆ ಹೆಸರು ಜೋಡಿಸುವ ಪೂರ್ತಿ ಪಟ್ಟಿ ಇದ್ದದ್ದು ಹಳೆಯ ಸಿ ಡ್ರೈವಿನ ಒಳಕೋಣೆಯಲ್ಲಿ, ಅದನ್ನು ತರಬೇಕೆಂದು ಯಾರೂ ಹೇಳಿರುವುದಿಲ್ಲ. ಹೀಗಾಗಿ ನಾಲ್ಕು ಹೆತ್ತು, ಊರ ತುಂಬ ಬಾಣಂತನ ಮಾಡಿದ ಅಜ್ಜಿ ಈಗ 16 ಅಕ್ಷರಗಳ ಒಂದು ಸಂಕೇತ. ಆಧಾರ್‌ನವರು ಪಾಪ, 12ಕ್ಕೇ ಬಿಟ್ಟಿದ್ದರು.

ಆ್ಯಪಲ್‌ನವರು ಐಫೋಟೋವನ್ನು 2002ರಲ್ಲಿ ತಂದು, 2015ರಲ್ಲಿ ‘ಫೋಟೋಸ್’ ತಂದು ಕೂರಿಸಿ, 2019ರ ಕ್ಯಾಟಲಿನಾದಲ್ಲಿ ಹಳೆಯದು ತೆರೆಯದಂತೆ ಮಾಡಿದರು. ಒಕ್ಕಲೆಬ್ಬಿಸುವ ಮೊದಲು ನೋಟಿಸ್ ಕೊಡುವ ಜಾತಿ.

ಇನ್ನು ಆಕಾಶದ ಜಮೀನಿನ ಮಾತು. 2015ರ ಮೇನಲ್ಲಿ ಗೂಗಲ್ ಫೋಟೋಸ್ ಬಂದಾಗ, ಗುಣಮಟ್ಟ ಸ್ವಲ್ಪ ಇಳಿಸಿಕೊಂಡರೆ ಎಷ್ಟು ಬೇಕಾದರೂ ಉಳುಮೆ ಮಾಡಿಕೊಳ್ಳಿ ಎಂದರು. ನಾವು ಬಗರ್‌ಹುಕುಂ ಪರಂಪರೆಯವರು, ಬಿಡುತ್ತೇವೆಯೇ? ಅಡುಗೆಮನೆಯ ಸಿಂಕು, ಗ್ಯಾಸ್ ಬಿಲ್ಲು, ಗುಡ್ ಮಾರ್ನಿಂಗ್ ಗುಲಾಬಿ ಎಲ್ಲವನ್ನೂ ಬಿತ್ತಿದೆವು. 2021ರ ಜೂನ್ 1ರಿಂದ ಹೊಸದಾಗಿ ಹಾಕಿದ್ದಕ್ಕೆಲ್ಲ ಲೆಕ್ಕ ಶುರುವಾಯಿತು. ಮೇಲ್ ಕೂಡ ಸೇರಿ 15 ಜಿಬಿ, ಆಮೇಲೆ ತಿಂಗಳು ತಿಂಗಳು ಕಂದಾಯ. ಬಿಟ್ಟು ಹೋಗುತ್ತೇನೆ ಎಂದವರಿಗೆ ತಡೆಯೇನಿಲ್ಲ, ಗಂಟು ಕಟ್ಟಿ ಕೊಡುತ್ತಾರೆ. ಗಂಟು ಬಿಚ್ಚಿದರೆ ಫೋಟೋ ಒಂದು ಫೈಲು, ನೀವು ಕೂತು ತಿದ್ದಿದ ತಾರೀಖು, ಬರೆದ ಟಿಪ್ಪಣಿ ಇನ್ನೊಂದು ಫೈಲು. ಮೂವತ್ತು ಸಾವಿರ ಸರ್ವೆ ನಂಬರಿಗೆ ಮೂವತ್ತು ಸಾವಿರ ಬಿಡಿ ಪಹಣಿ. ಹೊಂದಿಸಿಕೊಳ್ಳುವುದು ರೈತನ ಹಣೆಬರಹ. ಹೊಂದಿಸಲಾರದೆ ಬಹಳ ಜನ ಕಂದಾಯವನ್ನೇ ಕಟ್ಟುತ್ತಾರೆ. ಕಟ್ಟುತ್ತಿರುವುದನ್ನು ಮನೆಯಲ್ಲಿ ಹೇಳುವುದಿಲ್ಲ.

ಮುಖ ಗುರುತಿಸುವ ಕೆಲಸ ಈಗ ಅಲ್ಲಿಯೂ ನಡೆಯುತ್ತದೆ, ಬಲು ಉತ್ಸಾಹದಿಂದ. ತಾಯಿಯ ಇಪ್ಪತ್ತರ ಮುಖ, ಮಗಳ ಇಪ್ಪತ್ತರ ಮುಖ ಮುಂದಿಟ್ಟು ‘ಇಬ್ಬರೂ ಒಬ್ಬರೇ?’ ಎಂದು ಕೇಳುತ್ತದೆ. ಹೌದು ಎಂದರೆ ಮಗಳಿಗೆ ಸಿಟ್ಟು, ಅಲ್ಲ ಎಂದರೆ ತಾಯಿಗೆ. ಗೋಡೆಯ ಪಟದಲ್ಲಿರುವ ಡಾ. ರಾಜ್‌ಕುಮಾರ್ ಅವರನ್ನೂ ಬಿಡದೆ ಹೆಸರು ಕೇಳುತ್ತದೆ. ಮನೆಯ ಎಲ್ಲ ಶುಭಕಾರ್ಯಗಳಿಗೂ ತಪ್ಪದೆ ಹಾಜರಿದ್ದ, ಒಂದು ಫೋಟೋದಲ್ಲೂ ಕಣ್ಣು ಮುಚ್ಚದ ಏಕೈಕ ಸದಸ್ಯರು ಅವರೇ ಆದ್ದರಿಂದ ಅದರ ತಪ್ಪೂ ಅಲ್ಲ.

ತಾರೀಖಿನ ಮೂಲ ದಾಖಲೆ ಫೋಟೋದ ಹೊಟ್ಟೆಯಲ್ಲೇ ಇರುತ್ತದಲ್ಲ, ಎಕ್ಸಿಫ್ ಎಂಬುದರಲ್ಲಿ, ಎಂದು ತಿಳಿದವರು ವಾದಿಸುತ್ತಾರೆ. ಇರುತ್ತದೆ. ಆದರೆ ಬರೆದದ್ದು ಕ್ಯಾಮೆರಾ. ಬ್ಯಾಟರಿ ಪೂರ್ತಿ ಸತ್ತು ಎದ್ದರೆ ಅದಕ್ಕೆ ಯಾವುದೋ ಹಳೆಯ ವರ್ಷದ ಜನವರಿ 1. ನಮ್ಮ ಹಳ್ಳಿ ಮೇಷ್ಟರುಗಳು ಸಿಕ್ಕಿದ ಮಕ್ಕಳಿಗೆಲ್ಲ ಜೂನ್ 1 ಎಂದು ಬರೆದು ಶಾಲೆಗೆ ಸೇರಿಸಿಕೊಂಡರು, ಅವರಿಗೆ ಮಗು ಓದಲಿ ಎಂಬ ಉದ್ದೇಶವಾದರೂ ಇತ್ತು. ವಾಟ್ಸ್‌ಆ್ಯಪಿನಲ್ಲಿ ಬಂದದ್ದಕ್ಕೆ ಹೊಟ್ಟೆಯೇ ಖಾಲಿ. ಫೈಲಿನ ಹೆಸರಿನಲ್ಲಿ ತಾರೀಖಿದ್ದರೂ ಅದು ತೆಗೆದ ದಿನದ್ದಲ್ಲ. ಸ್ಯಾನ್ ಹೋಸೆಯ ಮಗ ಭಾರತದ ಸಮಯ ಬದಲಿಸದೆ ಕ್ಲಿಕ್ಕಿಸಿದ ಚಿತ್ರಗಳಲ್ಲಿ ನಡುರಾತ್ರಿ ಸೂರ್ಯ ನೆತ್ತಿಯ ಮೇಲಿದ್ದಾನೆ.

ಡಿಸ್ಕೇ ಕೆಟ್ಟರೆ ಬೆಂಗಳೂರಿನ ಎಸ್.ಪಿ. ರಸ್ತೆ ಇದೆ. ಅಲ್ಲಿ ‘ರಿಕವರಿ’ ಮಾಡಿಕೊಡುವವರು ಒಂದೇ ಪ್ರಶ್ನೆ ಕೇಳುತ್ತಾರೆ: “ಸರ್, ಡೇಟಾ ಇಂಪಾರ್ಟೆಂಟಾ?” ಹೌದು ಎನ್ನಬಾರದು, ದರ ಅಲ್ಲೇ ನಿಗದಿಯಾಗುತ್ತದೆ. ಸೂಚಿಯೇ ನಾಶವಾಗಿದ್ದರೆ ತಂತ್ರಾಂಶ ಡಿಸ್ಕನ್ನು ಉತ್ತು, ಫೋಟೋದಂತೆ ಶುರುವಾಗುವ ತುಣುಕನ್ನೆಲ್ಲ ಎತ್ತಿ ಹಾಕುತ್ತದೆ. ಹೆಸರಿಲ್ಲ, ಫೋಲ್ಡರಿಲ್ಲ, ಬರಿ ನಂಬರು. ಕಳೆದದ್ದನ್ನು ಮಾತ್ರ ತಾ ಎಂದರೆ ಅದಕ್ಕೆ ತಿಳಿಯುವುದಿಲ್ಲ, ಬೇಕೆಂದೇ ಅಳಿಸಿದ್ದನ್ನೂ ತರುತ್ತದೆ. ಮುರಿದುಬಿದ್ದ ನಿಶ್ಚಿತಾರ್ಥದ ನೂರಿಪ್ಪತ್ತು ಚಿತ್ರಗಳು, ಆ ಹುಡುಗನ ನಗುವಿನ ಸಮೇತ, ಹುಡುಗಿಯ ಈಗಿನ ಗಂಡನ ಎದುರೇ ತೆರೆದುಕೊಳ್ಳುತ್ತವೆ. ಜೊತೆಗೆ ಬ್ರೌಸರಿನ ಬುತ್ತಿಯಲ್ಲಿ ಉಳಿದಿದ್ದ ಜಾಹೀರಾತುಗಳು. ಯಜಮಾನರು ಬೋಳುತಲೆಗೆ ಏನೇನು ಹುಡುಕಿದ್ದರು ಎಂಬುದು ಮನೆಗೆಲ್ಲ ತಿಳಿಯುತ್ತದೆ.

ಈ ಕಚೇರಿಯಲ್ಲಿ ಲಂಚ ಮುಟ್ಟದ ಗುಮಾಸ್ತ ಒಬ್ಬನಿದ್ದಾನೆ. ಎಕ್ಸಿಫ್‌ಟೂಲ್ ಎಂದು ಹೆಸರು, ಕೆನಡಾದ ಫಿಲ್ ಹಾರ್ವೆ ಬರೆದದ್ದು, ಎರಡು ದಶಕ ದಾಟಿತು, ಇಂದಿಗೂ ಉಚಿತ. ತಾರೀಖು, ಹೆಸರು ಎಲ್ಲವನ್ನೂ ಫೋಟೋದೊಳಗೇ ನೋಂದಾಯಿಸಿ ಕೊಡುತ್ತಾನೆ, ಆಮೇಲೆ ಯಾವ ಕಂಪನಿಯ ಬಾಗಿಲು ಮುಚ್ಚಿದರೂ ಚಿಂತೆಯಿಲ್ಲ. ಆದರೆ ಅವನು ನಗುವುದಿಲ್ಲ. ಕಪ್ಪು ಪರದೆಯ ಹಿಂದೆ ಕೂತಿರುತ್ತಾನೆ, ಅರ್ಜಿ ಅವನ ಭಾಷೆಯಲ್ಲೇ ಕೊಡಬೇಕು, ಒಂದು ಚುಕ್ಕಿ ತಪ್ಪಿದರೆ ವಾಪಸ್. ಆದ್ದರಿಂದ ಅವನ ಕೌಂಟರಿನಲ್ಲಿ ಸರತಿಯೇ ಇಲ್ಲ. ಹೋದ ಒಬ್ಬಿಬ್ಬರಿಗೂ ಅವನ ಅತಿ ಜಾಗ್ರತೆ ಗೊತ್ತಿರುವುದಿಲ್ಲ: ಬೇಡ ಎನ್ನದಿದ್ದರೆ ತಿದ್ದಿದ ಪ್ರತಿ ಫೋಟೋಕ್ಕೂ ಮೂಲ ಪ್ರತಿಯೊಂದನ್ನು ಉಳಿಸಿಡುತ್ತಾನೆ. ಮೂವತ್ತು ಸಾವಿರ ಅರವತ್ತು ಸಾವಿರವಾಗುತ್ತದೆ.

ಆಗ ಡೂಪ್ಲಿಕೇಟ್ ಹುಡುಕುವ ತಂತ್ರಾಂಶ ಬರುತ್ತದೆ. ಅದು ತಂದು ನಿಲ್ಲಿಸುವ ಜೋಡಿ ನಿಜವಾಗಿ ಜೋಡಿಯಲ್ಲ. ಗೃಹಪ್ರವೇಶದ ಗ್ರೂಪ್ ಫೋಟೋ. ಒಂದರಲ್ಲಿ ಚಿಕ್ಕಪ್ಪ ಕಣ್ಣು ಮುಚ್ಚಿದ್ದಾರೆ, ಇನ್ನೊಂದರಲ್ಲಿ ಚಿಕ್ಕಮ್ಮ ಬಾಯಿ ತೆರೆದಿದ್ದಾರೆ. ಯಾವುದನ್ನು ಅಳಿಸಲಿ ಎಂದು ಯಂತ್ರ ಕೇಳುತ್ತದೆ. ಯಜಮಾನರು ಪ್ರಜಾಪ್ರಭುತ್ವ ನಂಬಿ ಎರಡನ್ನೂ ಕುಟುಂಬದ ಗ್ರೂಪಿಗೆ ಹಾಕುತ್ತಾರೆ. ಚಿಕ್ಕಪ್ಪನ ಮನೆಯವರು ಒಂದು ಕಡೆ, ಚಿಕ್ಕಮ್ಮನ ತವರಿನವರು ಇನ್ನೊಂದು ಕಡೆ. ಆಸ್ತಿ ಪಾಲಾದಾಗಲೂ ಇಷ್ಟು ಮಾತು ಬಂದಿರಲಿಲ್ಲ. ಕೊನೆಗೆ ಯಜಮಾನರ ಹಿರಿಯಕ್ಕನದು ವಾಯ್ಸ್ ಮೆಸೇಜ್: “ಎರಡೂ ಇರ್‍ಲಿ ಬಿಡೋ, ಇಟ್ಕೊಳ್ಳೋ ಜಾಗಕ್ಕೇನು ಬಾಡಿಗೆ ಕಟ್ತಿದೀಯಾ?”

ಯಜಮಾನರು ಅದಕ್ಕೆ ಕೈಮುಗಿದ ಚಿಹ್ನೆಯೊಂದನ್ನು ಹಾಕಿ ಸುಮ್ಮನಾದರು.